ಗಂಟು ಕೆಳಗೆ, ತಪ್ಪು ಮೇಲೆ

ಅಮ್ಮನ ಹಳೇ ಕಾಟನ್ ಸೀರೆಯಲ್ಲಿ ದಿಂಬಿನ ಕವರ್ ಹೊಲಿಯೋಣ ಅಂತ ಕೂತಿದ್ದೆ. ಒಲೆ ಮೇಲೆ ಬೇಳೆ, ಪಕ್ಕದಲ್ಲಿ ಮಗಳ ಹೋಂವರ್ಕ್. ನಾಲ್ಕು ಇಂಚು ಹೊಲಿಯುವಷ್ಟರಲ್ಲಿ ಮಷಿನ್ ಕಟಕಟ ಅಂದು ನಿಂತಿತು. ಬಟ್ಟೆ ತಿರುಗಿಸಿ ನೋಡಿದರೆ ಅಡಿಯಲ್ಲಿ ದಾರದ ಗುಬ್ಬಿಗೂಡು!

ಗಂಟು ಕೆಳಗಿದೆ ಅಂದ ಮೇಲೆ ತಪ್ಪು ಕೆಳಗಿನ ದಾರ ಸುತ್ತುವ ಪುಟ್ಟ ಉರುಳೆ ಬಾಬಿನ್‌ದೇ, ಅಲ್ವಾ? ಮೂರು ಸಲ ಬಿಚ್ಚಿ ಸುತ್ತಿದೆ. ಬಾಬಿನ್ ಕೇಸಿನ ಸ್ಕ್ರೂ ಕೂಡ ತಿರುಗಿಸಿದೆ (ಅದನ್ನು ಸುಮ್ನೆ ಬಿಡಬೇಕಿತ್ತು). ಏನೂ ಪ್ರಯೋಜನವಾಗಲಿಲ್ಲ.

ಆಮೇಲೆ ಹೊಳೆಯಿತು. ನಾನು ಪ್ರೆಸರ್ ಫೂಟ್ (ಬಟ್ಟೆಯನ್ನು ಒತ್ತಿ ಹಿಡಿಯುವ ಪಾದ) ಇಳಿಸಿಕೊಂಡೇ ಮೇಲಿನ ದಾರ ಪೋಣಿಸುತ್ತಿದ್ದೆ. ಅದು ಇಳಿದಿದ್ದರೆ ಮೇಲಿನ ದಾರವನ್ನು ಬಿಗಿ ಹಿಡಿಯುವ ಟೆನ್ಷನ್ ಬಿಲ್ಲೆಗಳು ಒತ್ತಿಕೊಂಡಿರುತ್ತವೆ, ದಾರ ಅವುಗಳ ನಡುವೆ ಸರಿಯಾಗಿ ಕೂರುವುದಿಲ್ಲ. ಹಿಡಿತವಿಲ್ಲದ ಮೇಲಿನ ದಾರ ಜಾಸ್ತಿ ಜಾಸ್ತಿ ಕೆಳಗಿಳಿದು ಅಲ್ಲೇ ಗಂಟಾಗುತ್ತದೆ.

ಫೂಟ್ ಎತ್ತಿ ಮತ್ತೆ ಪೋಣಿಸಿದೆ. ಇಳಿಸಿ ದಾರ ಎಳೆದು ನೋಡಿದೆ, ಈಗ ಬಿಗಿಯಾಗಿ ಬಂತು. ತೆಳು ಬಟ್ಟೆ ಅಂತ 16ನೇ ನಂಬರಿನ ದಪ್ಪ ಸೂಜಿ ತೆಗೆದು 11ರ ಸಣ್ಣದು ಹಾಕಿದೆ. ಶುರುವಿನಲ್ಲಿ ಎರಡೂ ದಾರದ ತುದಿಗಳನ್ನು ಹಿಂದಕ್ಕೆ ಹಿಡಿದುಕೊಂಡೆ.

ಹೊಲಿಗೆ ಸರಾಗವಾಗಿ ಹೋಯಿತು. ಬೇಳೆ ಮಾತ್ರ ತಳ ಹಿಡಿದಿತ್ತು.