ರಬ್ಬರ್ ಡಕ್ಕಿ ತರುವ ಮೊದಲು ಒಣಮೂಲೆ ಮಾಡಿ

ಒಣ ಎಲೆ ತಿಂದು ಒದ್ದೆ ಮಣ್ಣಲ್ಲಿ ಬದುಕುವ ಪುಟ್ಟ ಚಿಪ್ಪಿನ ಪ್ರಾಣಿ ಐಸೊಪಾಡ್ ಸಾಕಬೇಕು ಅಂತ ಬೆಂಗಳೂರಿನ ಹನುಮಂತನಗರದ ನಮ್ಮ ಮನೆಗೆ ಬರುವವರೆಲ್ಲ ಮೊದಲ ಮಾತಿಗೇ 'ರಬ್ಬರ್ ಡಕ್ಕಿ ಎಲ್ಲಿ ಸಿಗತ್ತೆ?' ಅನ್ನುತ್ತಾರೆ. ಬಾತುಕೋಳಿ ಗೊಂಬೆಯಂಥ ಆ ಹಳದಿ ಮೂತಿ ನೋಡಿದರೆ ಆಸೆ ಸಹಜವೇ. ಆದರೆ ಅದು ಥಾಯ್ಲೆಂಡಿನ ಸುಣ್ಣಕಲ್ಲಿನ ಗುಹೆಗಳ ಕ್ಯುಬಾರಿಸ್ ಕುಲದ ಐಸೊಪಾಡ್. ಹವ್ಯಾಸಿಗಳ ಕಣ್ಣಿಗೆ ಬಿದ್ದದ್ದೇ 2017ರ ಸುಮಾರಿಗೆ. ಒಂದು ಸಲಕ್ಕೆ ಹಾಕುವುದು ಕೆಲವೇ ಮರಿ, ಬೆಳೆಯುವುದೂ ನಿಧಾನ. ಮೊದಲು ಪೌಡರ್ ಆರೆಂಜ್ ಅಥವಾ ಡೇರಿ ಕೌ ಅನ್ನುವ ಸುಲಭದ ಐಸೊಪಾಡ್ ತಂದು ಒಂದು ಬೇಸಿಗೆ ದಾಟಿಸಿ. ಆಮೇಲೆ ಅಪರೂಪದ್ದಕ್ಕೆ ದುಡ್ಡು ಸುರಿಯಿರಿ. ಗುಹೆಯಿಂದ ಬಾಚಿ ತಂದದ್ದು ಬೇಡ, ಡಬ್ಬಿಯಲ್ಲೇ ಹುಟ್ಟಿದ್ದು ಕೇಳಿ. ಹತ್ತು ಹನ್ನೆರಡು ಒಟ್ಟಿಗೆ ತನ್ನಿ, ಆಗ ಗಂಡು ಹೆಣ್ಣು ಎರಡೂ ಇರುವ ಸಂಭವ ಹೆಚ್ಚು.

ಇವು ಕೀಟಗಳಲ್ಲ, ಏಡಿ ಸೀಗಡಿಗಳ ನೆಂಟರು. ಉಸಿರಾಟದ ಅಂಗಗಳು ಹೊಟ್ಟೆಯ ಅಡಿಯಲ್ಲಿವೆ, ಅವು ಒಣಗಿದರೆ ಪ್ರಾಣಿ ಸಾಯುತ್ತದೆ. ಇಷ್ಟು ಕೇಳಿದ ತಕ್ಷಣ ಜನ ಡಬ್ಬಿಯನ್ನು ಕೆಸರುಗದ್ದೆ ಮಾಡಿಬಿಡುತ್ತಾರೆ! ಮುಚ್ಚಳದ ಐದಾರು ಲೀಟರಿನ ಪ್ಲಾಸ್ಟಿಕ್ ಡಬ್ಬಿ ಸಾಕು. ಎದುರುಬದುರು ಗೋಡೆಗಳಲ್ಲಿ ತೂತು ಮಾಡಿ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಅಂಟಿಸಿ. ಎಲೆಗೊಬ್ಬರ, ಕೋಕೋಪೀಟ್, ಪುಡಿಯಾಗುವಷ್ಟು ಕೊಳೆತ ಕಟ್ಟಿಗೆ ಸೇರಿಸಿ ಮೂರು ಇಂಚು ತುಂಬಿ. ಒಂದು ತುದಿಯಲ್ಲಿ ಪಾಚಿ ಇಟ್ಟು ಅಲ್ಲಿಗೆ ಮಾತ್ರ ನೀರು ಹಾಕಿ. ಇನ್ನೊಂದು ತುದಿ ಒಣಗಿರಲಿ. ಎಲ್ಲಿ ಇರಬೇಕು ಅಂತ ಅವೇ ತೀರ್ಮಾನಿಸುತ್ತವೆ. ಕ್ಯುಬಾರಿಸ್‌ಗೆ ಒದ್ದೆ ಭಾಗ ದೊಡ್ಡದಿರಲಿ, ಆದರೂ ಒಣಮೂಲೆ ಇರಲೇಬೇಕು. ನಲ್ಲಿಯ ಕಾವೇರಿ ನೀರನ್ನು ರಾತ್ರಿಯಿಡೀ ಬಕೆಟ್ಟಿನಲ್ಲಿ ತೆರೆದಿಟ್ಟು ಬಳಸಿ, ಕ್ಲೋರಿನ್ ಹೋಗುತ್ತದೆ.

ಊಟ ಅಂದರೆ ಒಣ ಎಲೆ. ನಾನು ನೆಚ್ಚಿರುವುದು ಹಲಸು ಮತ್ತು ಕಾಡುಬಾದಾಮಿ. ಬಾದಾಮಿ ಮರ ಎಲೆ ಕೆಂಪಾಗಿಸಿ ಉದುರಿಸುವಾಗ ಚೀಲ ತುಂಬಿಟ್ಟುಕೊಳ್ಳಿ, ಪೌರಕಾರ್ಮಿಕರು ಗುಡಿಸುವ ಮೊದಲೇ. ಕುದಿಸಿ, ಬಿಸಿಲಿಗೆ ಹಾಕಿ. ಬೇವು, ಹೊಂಗೆ, ನೀಲಗಿರಿ ಮಾತ್ರ ಮುಟ್ಟಬೇಡಿ: ಹೊಲದಲ್ಲಿ ಹುಳ ಓಡಿಸಲು ಬಳಸುವುದೇ ಬೇವು, ಹೊಂಗೆ. ಬನ್ನೇರುಘಟ್ಟದ ಕಾಡಿನಿಂದ ಎಲೆ, ಪ್ರಾಣಿ ಏನನ್ನೂ ತರುವಂತಿಲ್ಲ, ಅದು ರಾಷ್ಟ್ರೀಯ ಉದ್ಯಾನ.

ಚಿಪ್ಪಿಗೆ ಕ್ಯಾಲ್ಸಿಯಂ ಬೇಕು. ಮೊಟ್ಟೆಯ ಸಿಪ್ಪೆ ಪುಡಿ ನಡೆಯುತ್ತದೆ. ಅದಕ್ಕಿಂತ ನನಗೆ ಇಷ್ಟ, ಹಳೆ ಮನೆ ಒಡೆದಲ್ಲಿ ಸಿಗುವ ಶಹಾಬಾದ್ ಕಲ್ಲಿನ ಚೂರು. ನಮ್ಮೂರ ಬಂಡೆ ಗ್ರಾನೈಟು, ನೈಸು, ಅದರಿಂದ ಪ್ರಯೋಜನವಿಲ್ಲ. ಶಹಾಬಾದ್ ಮಾತ್ರ ಕಲಬುರಗಿ ಸೀಮೆಯ ಸುಣ್ಣಕಲ್ಲು. ಗಾರೆ ಕೆರೆದು, ತೊಳೆದು, ಒಂದರ ಮೇಲೊಂದು ಓರೆಯಾಗಿಡಿ. ಡಕ್ಕಿಗಳು ಸಂದಿ ಸೇರಿ ಕೂರುತ್ತವೆ.

ಪ್ರೋಟೀನು ವಾರಕ್ಕೊಮ್ಮೆ ಚಿಟಿಕೆ. ಒಣ ಸೀಗಡಿ ಶ್ರೇಷ್ಠ, ಆದರೆ ನಮ್ಮತ್ತೆ ಇರುವ ಮನೆಯಲ್ಲಿ ಆ ವಾಸನೆ ನಡೆಯುವುದಿಲ್ಲ, ಅಕ್ವೇರಿಯಂ ಮೀನಿನ ಫ್ಲೇಕ್ಸ್ ಹಾಕುತ್ತೇನೆ. ಮಿಕ್ಕಿದ್ದನ್ನು ಮರುದಿನವೇ ತೆಗೆಯಿರಿ, ಇಲ್ಲವಾದರೆ ಬೂಷ್ಟು, ನುಸಿ. ಬೂಷ್ಟು ತಿನ್ನಲು ಸ್ಪ್ರಿಂಗ್‌ಟೇಲ್ ಅನ್ನುವ ಪುಟಾಣಿ ಜೀವಿಗಳನ್ನು ಬಿಟ್ಟರೆ ಅರ್ಧ ಕೆಲಸ ಕಮ್ಮಿ.

ಅರ್ಧ ಮೈ ಬಿಳಿ, ಅರ್ಧ ಬಣ್ಣ ಕಂಡರೆ ಗಾಬರಿ ಬೇಡ. ಪೊರೆ ಮೊದಲು ಹಿಂಭಾಗದಲ್ಲಿ, ಆಮೇಲೆ ಮುಂಭಾಗದಲ್ಲಿ ಕಳಚುತ್ತದೆ. ಆ ಹೊತ್ತಿಗೆ ಕೈಹಾಕಬೇಡಿ, ಮೈ ಮೆತ್ತಗಿರುತ್ತದೆ. ಕಳಚಿದ ಪೊರೆಯನ್ನು ಅವೇ ತಿನ್ನುತ್ತವೆ. ಮೈ ಹೊಳೆಯುವ ನೀಲಿ-ನೇರಳೆಗೆ ತಿರುಗಿದರೆ ಅದು ಇರಿಡೊವೈರಸ್ಸು, ಮದ್ದಿಲ್ಲ. ಆ ಪ್ರಾಣಿಯನ್ನು ಕೂಡಲೇ ಬೇರ್ಪಡಿಸಿ. ಹೆಣ್ಣು ಮೊಟ್ಟೆಗಳನ್ನು ಹೊಟ್ಟೆಯಡಿಯ ಚೀಲದಲ್ಲೇ ಹೊರುತ್ತದೆ. ಹೊರಬರುವ ಬಿಳಿ ಮರಿಗೆ ಹನ್ನೆರಡೇ ಕಾಲು, ಉಳಿದೆರಡು ಆಮೇಲೆ.

ಏಪ್ರಿಲ್‌ನಲ್ಲಿ ಡಬ್ಬಿ ಮಹಡಿಯಲ್ಲಿ ಬೇಡ, ನೆಲಮಟ್ಟದ ಕೋಣೆಯ ಮಂಚದ ಕೆಳಗಿಡಿ. ಸೊಳ್ಳೆ ಹೊಗೆಯ ಗಾಡಿ ಬಂದರೆ ಕಿಟಕಿ ಮುಚ್ಚಿ. ಹೆಚ್ಚಾದವನ್ನು ಪಾರ್ಕಿಗೆ ಬಿಡಬೇಡಿ, ಸಾಕುವವರಿಗೆ ಕೊಡಿ. ವಾರದ ಮಟ್ಟಿಗೆ ಊರಿಗೆ ಹೋಗುವುದಾದರೆ ಪಾಚಿ ನೆನೆಸಿ, ಎಲೆ ತುಂಬಿ, ಬೀಗ ಹಾಕಿ ಹೊರಡಿ. ಪಕ್ಕದ ಮನೆಯವರ ಕೈಗೆ ಸ್ಪ್ರೇ ಬಾಟಲಿ ಮಾತ್ರ ಕೊಡಬೇಡಿ.