ಗಾಯಕಿಯ ಧ್ವನಿಯೇ ಮಾಯವಾದ ಹೆಡ್‌ಫೋನ್

ದಾವಣಗೆರೆಯ ಮನೆಯಲ್ಲಿ ನಾನೇ ಜೋಡಿಸಿದ, ಹಿಂಬದಿ ತೆರೆದ ಹೆಡ್‌ಫೋನ್. 32 ಓಮ್‌ನ ಎರಡು ಡ್ರೈವರ್ (ಸದ್ದು ಹೊರಡಿಸುವ ಪುಟ್ಟ ಸ್ಪೀಕರ್), 3.5 ಮಿ.ಮೀ. ಜ್ಯಾಕ್, ಮೂರು ತಂತಿಯ ಹಳೆಯ ಕೇಬಲ್. ಪಿಟೀಲು, ತಬಲಾ ಕೇಳುತ್ತಿದ್ದವು. ನಡುವಿನ ಗಾಯಕಿ ಮಾತ್ರ ಬಾವಿಯ ತಳದಲ್ಲಿ ಹಾಡುತ್ತಿದ್ದಂತಿತ್ತು. ಬಾಸ್ ಸೊನ್ನೆ.

ಜಾಲರಿಗೆ ಫೆಲ್ಟ್ ಅಂಟಿಸಿದೆ, ಕಿವಿಯ ಕುಷನ್ ಬದಲಿಸಿದೆ. ಒಂದು ಡ್ರೈವರ್‌ನ ಪ್ಲಸ್-ಮೈನಸ್ ಅದಲುಬದಲು ಮಾಡಿ ನೋಡಿ, ಮತ್ತೆ ಮೊದಲಿನಂತೆ ಜೋಡಿಸಿದೆ. ಮಂಡಿಪೇಟೆಗೆ ಹೋಗಿ ಹೊಸ ಜ್ಯಾಕ್ ತಂದೆ. ಅದಕ್ಕೂ ಅದೇ ತಂತಿಯನ್ನು ಹಾಗೆಯೇ ಬೆಸೆದದ್ದು ಶುದ್ಧ ಪೆದ್ದುತನ.

ಮಲ್ಟಿಮೀಟರನ್ನು 200 ಓಮ್‌ಗೆ ಇಟ್ಟು ಜ್ಯಾಕನ್ನು ಅಳೆದಾಗ ಗುಟ್ಟು ಹೊರಬಿತ್ತು. ಜ್ಯಾಕಿನ ತುದಿಗೂ (ಎಡಗಿವಿಯದು) ಉಂಗುರಕ್ಕೂ (ಬಲಗಿವಿಯದು) ನಡುವೆ 64 ಓಮ್. ತುದಿಯಿಂದ ಬುಡಕ್ಕೆ, ಉಂಗುರದಿಂದ ಬುಡಕ್ಕೆ ಸಂಪರ್ಕವೇ ಇಲ್ಲ. ಅಂದರೆ ಬುಡಕ್ಕೆ ಬರುವ, ಎರಡೂ ಡ್ರೈವರ್‌ಗೆ ಸೇರಿದ ಗ್ರೌಂಡ್ ತಂತಿಯ ಸಂಪರ್ಕ ಕಡಿದಿದೆ. ಎರಡೂ ಡ್ರೈವರ್ ಸರಣಿಯಲ್ಲಿ ನಿಂತು ಎಡ-ಬಲಗಳ ವ್ಯತ್ಯಾಸವನ್ನಷ್ಟೇ ನುಡಿಸುತ್ತಿವೆ. ಎರಡೂ ಕಡೆ ಸಮವಾಗಿರುವ ಹಾಡುಗಾರಿಕೆ, ಬಾಸ್ ಅಳಿಸಿಹೋಗುತ್ತವೆ.

ಬೆಸುಗೆ ಹೊಳೆಯುತ್ತಿತ್ತು, ಒಳಗೆ ಮಾತ್ರ ವಿದ್ಯುತ್ ಹರಿಯಲು ಬಿಡದ ತಂತಿಯ ಎನಾಮಲ್ ಲೇಪ ಹಾಗೆಯೇ ಇತ್ತು. ಮೊದಲು ಎಳೆಗಳ ನಡುವಿನ ನೈಲಾನ್ ದಾರ ಕತ್ತರಿಸಿದೆ. 400 ನಂಬರಿನ ಸ್ಯಾಂಡ್‌ಪೇಪರಿನಲ್ಲಿ 5 ಮಿ.ಮೀ. ಉಜ್ಜಿ, ಬೆಸುಗೆ ಹಿಡಿಯಲು ನೆರವಾಗುವ ಫ್ಲಕ್ಸ್ ಹಚ್ಚಿ, ಸೋಲ್ಡರಿಂಗ್ ಐರನ್ನಿನ ಶಾಖವನ್ನು 380 ಡಿಗ್ರಿಗೆ ಇಟ್ಟು, ಕರಗಿದ ಸೋಲ್ಡರ್ ಹನಿಯಲ್ಲಿ ನಾಲ್ಕು ಸೆಕೆಂಡು ಅದ್ದಿದೆ. ಕಿಟಕಿ ತೆರೆದಿರಲಿ, ಹೊಗೆ ಕೆಟ್ಟದ್ದು. ತಂತಿಯ ತುದಿ ಪೂರ್ತಿ ಬೆಳ್ಳಗಾದ ಮೇಲೆಯೇ ಜ್ಯಾಕಿನ ಬುಡಕ್ಕೆ ಬೆಸೆಯಬೇಕು.

ಈಗ ಎರಡೂ ಕಡೆಯಿಂದ ಬುಡಕ್ಕೆ 32. ಫೆಲ್ಟ್ ಕಿತ್ತುಹಾಕಿದೆ.