ಝಲೇಯ್ಕಾ ಮಾಡಿದ ಅನುಭವ: ಜೀವ ಇರುವುದು ಪೀಪಿಯಲ್ಲೇ

ರಷ್ಯಾದ ತ್ವೇರ್ ಊರಲ್ಲಿ ಮೆಡಿಕಲ್ ಓದುವಾಗ, ಚಳಿಗಾಲ ಮುಗಿಯುವ ಮಾಸ್ಲೆನಿತ್ಸಾ ಹಬ್ಬದ ದಿನ ವೋಲ್ಗಾ ದಡದಲ್ಲಿ ಒಬ್ಬ ಅಜ್ಜ ಏನೋ ಊದುತ್ತಿದ್ದರು. ಮೂಗಿನಿಂದ ಹಾಡಿದ ಹಾಗೆ, ಚುಚ್ಚುವಂಥ ದನಿ. ತಕ್ಷಣ ಹಾವಾಡಿಗರ ಪುಂಗಿ ನೆನಪಾಯಿತು. ಹತ್ತಿರ ಹೋಗಿ ನೋಡಿದರೆ ಗೇಣುದ್ದವೂ ಇಲ್ಲದ ಮರದ ಕೊಳವೆ. ಅದೇ ಝಲೇಯ್ಕಾ. ದನಗಾಹಿಗಳ ವಾದ್ಯ. ಸಾಮಾನ್ಯವಾಗಿ ತುದಿಗೆ ದನದ ಕೊಂಬು ಸಿಕ್ಕಿಸಿರುತ್ತಾರೆ ಅಥವಾ ಬರ್ಚ್ ಮರದ ತೊಗಟೆ ಸುತ್ತಿರುತ್ತಾರೆ, ಆದರೆ ತ್ವೇರ್ ಕಡೆಯವರು ಇಡೀ ವಾದ್ಯವನ್ನು ವಿಲ್ಲೋ ಮರದಲ್ಲೇ ಮಾಡುತ್ತಿದ್ದರು, ಹಾಗಾಗಿ ದನಿ ಸ್ವಲ್ಪ ಮೆತ್ತಗೆ. ಆ ಮರಕ್ಕೆ ಅಲ್ಲಿ ಬ್ರೆದಿನಾ ಅನ್ನುತ್ತಾರೆ, ಅದರಿಂದಲೇ ವಾದ್ಯಕ್ಕೆ ಬ್ರ್ಯೋಲ್ಕಾ ಅಂತ ಹೆಸರು. 1900ರಲ್ಲಿ ಸಂಗೀತಗಾರ ವಸೀಲಿ ಅಂದ್ರೇಯೆವ್ ಇದನ್ನು ಸುಧಾರಿಸಿ, ತೂತು ಮುಚ್ಚುವ ಕೀಲಿಗಳನ್ನೂ ಸೇರಿಸಿ, ತಮ್ಮ ಜಾನಪದ ವಾದ್ಯಗಳ ಆರ್ಕೆಸ್ಟ್ರಾಗೆ ತಂದರು. ನನಗೆ ಬೇಕಾಗಿದ್ದು ಅದಲ್ಲ, ದನಗಾಹಿಯದ್ದು.

ಅಜ್ಜ ಹೇಳಿದ್ದು ಒಂದೇ ಮಾತು: "ಕೊಳವೆ ಯಾರು ಬೇಕಾದರೂ ಮಾಡುತ್ತಾರೆ ಮಗಾ, ಮೊದಲು ಪೀಶ್ಚಿಕ್ ಕೆತ್ತು."

ಪೀಶ್ಚಿಕ್ ಅಂದರೆ ಬಾಯಿಗೆ ಇಡುವ ಪೀಪಿ. ನಮ್ಮೂರಲ್ಲಿ ಪಪ್ಪಾಯಿ ಎಲೆಯ ದಂಟು ಸೀಳಿ ಪೀಪಿ ಊದಿದವರಿಗೆ ಇದರ ಗುಟ್ಟು ಅರ್ಧ ಗೊತ್ತು, ಅಲ್ವಾ? ನೀರಿನ ಅಂಚಲ್ಲಿ ಬೆಳೆಯುವ ಟೊಳ್ಳು ಜೊಂಡು ಬೇಕು. ಅದನ್ನು ಕೊಯ್ಯುವುದು ಚಳಿಗಾಲದಲ್ಲಿ, ಗಿಡ ನಿಂತಲ್ಲೇ ಒಣಗಿರುತ್ತದೆ, ಹೆಪ್ಪುಗಟ್ಟಿದ ನೀರಿನ ಮೇಲೆ ನಡೆದೇ ಹೋಗಬಹುದು. ಗೆಣ್ಣು ಒಂದು ತುದಿಯನ್ನು ಮುಚ್ಚುವ ಹಾಗೆ ಆರು ಸೆಂಟಿಮೀಟರ್ ತುಂಡು ಮಾಡಿಕೊಂಡೆ. ಗೆಣ್ಣಿನ ಹತ್ತಿರ ಬ್ಲೇಡನ್ನು ಓರೆಯಾಗಿ ಇಳಿಸಿ, ತೊಗಟೆ ಸೀಳುತ್ತಾ ಎರಡೂವರೆ ಸೆಂಟಿಮೀಟರ್ ಎಳೆದರೆ ಒಂದು ನಾಲಿಗೆ ಏಳುತ್ತದೆ. ಅದರ ಬುಡ ಜೊಂಡಿಗೆ ಅಂಟಿಕೊಂಡೇ ಇರಬೇಕು. ಬುಡದಲ್ಲಿ ದಾರ ಸುತ್ತಬೇಕು, ಇಲ್ಲದಿದ್ದರೆ ಸೀಳು ಮುಂದಕ್ಕೆ ಓಡುತ್ತದೆ. ನನ್ನ ಮೊದಲ ಹದಿನೈದು ಇಪ್ಪತ್ತು ಪೀಪಿಗಳು ಹೋಗಿದ್ದೇ ಹಾಗೆ.

ಆಮೇಲೆ ಶುರುವಾಗುವುದು ನಿಜವಾದ ಕೆಲಸ. ನಾಲಿಗೆ ದಪ್ಪ ಇದ್ದರೆ ಗಾಳಿ ಸುಮ್ನೆ ಹಾದುಹೋಗುತ್ತದೆ, ತೆಳು ಜಾಸ್ತಿ ಆದರೆ ಊದಿದ ತಕ್ಷಣ ಅಂಟಿಕೊಂಡು ದನಿಯೇ ನಿಂತುಬಿಡುತ್ತದೆ. ತುದಿ ಹೆರೆದರೆ ಸ್ವರ ಏರುತ್ತದೆ, ಬುಡ ಹೆರೆದರೆ ಇಳಿಯುತ್ತದೆ. ದಾರವನ್ನು ತುದಿಯ ಕಡೆ ಒಂದು ಕೂದಲೆಳೆಯಷ್ಟು ಸರಿಸಿದರೂ ಏರುತ್ತದೆ. ನಾಲಿಗೆ ಮುಚ್ಚಿಕೊಂಡರೆ ಏನು ಮಾಡುವುದು ಅಂತ ಕೇಳಿದಾಗ ಅಜ್ಜ ತಮ್ಮ ತಲೆಯಿಂದ ಒಂದು ಬಿಳಿ ಕೂದಲು ಕಿತ್ತು, ನಾಲಿಗೆಯ ಕೆಳಗೆ ತೂರಿಸಿ, ಬುಡದವರೆಗೆ ಎಳೆದು ಕೊಟ್ಟರು. ಊದಿದೆ. ದನಿ ಬಂತು! ಆ ಒಂದು ಕೂದಲಿನ ಸಂದು ಸಾಕಾಗಿತ್ತು.

ಕೊಳವೆಗೆ ಹಸಿ ವಿಲ್ಲೋ ಕೊಂಬೆ ತಂದಿದ್ದೆ. ಬೇಗ ಒಣಗಲಿ ಅಂತ ಹಾಸ್ಟೆಲ್ ಹೀಟರ್ ಮೇಲೆ ಇಟ್ಟೆ, ಎರಡೇ ದಿನದಲ್ಲಿ ಉದ್ದಕ್ಕೂ ಬಿರುಕು. ಎರಡನೆಯದರ ತುದಿಗಳಿಗೆ ಮೇಣ ಹಚ್ಚಿ ನೆರಳಲ್ಲಿ ತಿಂಗಳುಗಟ್ಟಲೆ ಇಟ್ಟೆ. ಹದಿನಾರು ಸೆಂಟಿಮೀಟರ್ ಉದ್ದ, ಒಳಗೆ ಎಂಟು ಮಿಲಿಮೀಟರ್ ಬೈರಿಗೆ. ದನಿ ಹೊರಬರುವ ಕೆಳತುದಿಯಲ್ಲಿ ಕೊಂಬೆಯ ದಪ್ಪ ಭಾಗವನ್ನೇ ಬಿಟ್ಟು, ಒಳಗಿಂದ ಅಗಲವಾಗಿ ಕೆತ್ತಿದೆ.

ತೂತು ಕೊರೆಯುವಾಗ ಕೆಳಗಿನಿಂದ ಮೇಲಕ್ಕೆ ಬನ್ನಿ, ಚಿಕ್ಕದಾಗಿ ಶುರು ಮಾಡಿ. ತೂತು ದೊಡ್ಡದಾದರೆ ಸ್ವರ ಏರುತ್ತದೆ, ಏರಿದ್ದನ್ನು ಇಳಿಸಬೇಕಾದರೆ ಮೇಣ ಮೆತ್ತಬೇಕು. ನನ್ನದರಲ್ಲಿ ಏಳು ತೂತು, ಮುಂದೆ ಆರು, ಹೆಬ್ಬೆರಳಿಗೆ ಹಿಂದೆ ಒಂದು. ಎಲ್ಲವನ್ನೂ ಮುಚ್ಚಿ ಊದಿದರೆ ಕೆಳಗಿನ ನಿಷಾದ (ನಿ), ಕೊನೆಯ ಬೆರಳು ಎತ್ತಿದರೆ ಷಡ್ಜ (ಸ). ಆ ನಿಷಾದ ಕೈಶಿಕಿ, ಅಂದರೆ ಎರಡು ನಿಷಾದಗಳಲ್ಲಿ ತಗ್ಗಿನದು. ಒಂದೊಂದೇ ಬೆರಳು ಎತ್ತುತ್ತಾ ಹೋದಾಗ ಗೊತ್ತಾಯಿತು, ಇದು ನಾನು ಚಿಕ್ಕವನಿದ್ದಾಗ ಸಂಗೀತ ಪಾಠದಲ್ಲಿ ಹಾಡಿದ ಹರಿಕಾಂಭೋಜಿ ರಾಗದ ಸ್ವರಗಳು! ಅಂಥ ಚಳಿಯಲ್ಲಿ ಕೂತು ಅದನ್ನು ಕೇಳಿ ಕಣ್ಣು ತುಂಬಿಬಂತು. ಮೇಲಿನ ಷಡ್ಜ ಮಾತ್ರ ಇಲ್ಲ. ಕೊಳಲಿನ ಹಾಗೆ ಜೋರಾಗಿ ಊದಿ ಮೇಲಿನ ಸ್ಥಾಯಿಗೆ ಹೋಗಲು ಆಗುವುದಿಲ್ಲ, ಹಾಗೆ ಮಾಡಿದರೆ ನಾಲಿಗೆ ಮುಚ್ಚಿಕೊಳ್ಳುತ್ತದೆ. ಜೋರು, ಮೆಲ್ಲಗೆ ಅನ್ನುವುದೂ ಹೆಚ್ಚುಕಡಿಮೆ ಇಲ್ಲ. ಭಾವ ತರಬೇಕಾದರೆ ಬೆರಳಿನಿಂದಲೇ, ಸ್ವರದಿಂದ ಸ್ವರಕ್ಕೆ ಜಾರಿ, ಚಿಕ್ಕ ಚಿಕ್ಕ ಬಳುಕು ಹಾಕಿ.

ಊರಿಗೆ ತಂದ ಮೊದಲ ಮಳೆಗಾಲದಲ್ಲಿ ಪೀಪಿ ತೇವ ಹಿಡಿದು ಮುಚ್ಚಿಕೊಂಡಿತು. ಅಮ್ಮನ ಬಾಚಣಿಗೆಯಿಂದ ಒಂದು ಕೂದಲು ತೆಗೆದು ನಾಲಿಗೆಯ ಕೆಳಗೆ ಎಳೆದೆ. ಈಗ ಬೆಂಕಿಪೊಟ್ಟಣದಲ್ಲಿ ನಾಲ್ಕು ಪೀಪಿ, ಒಂದು ಉಂಡೆ ಮೇಣ, ಸುತ್ತಿದ ಕೂದಲು ಯಾವಾಗಲೂ ಜೊತೆಗಿರುತ್ತವೆ.